ರೊಟ್ಟಿ ಬುಟ್ಟಿಯ ಕೆಳಗೊಂದು ಫೋನು

ಕುಸನೂರ ರಸ್ತೆಯ ತಿರುವಿನಲ್ಲಿ, ಬೇವಿನ ಗಿಡದ ಬುಡಕ್ಕೆ, ಎದೆಮಟ್ಟದ ಕಬ್ಬಿಣದ ಪೆಟ್ಟಿಗೆಯೊಂದು ನಿಂತಿದೆ. ಅದರ ಬಣ್ಣ ಇಂಥದೇ ಎಂದು ಹೇಳುವ ಧೈರ್ಯ ಈಗ ಯಾರಿಗೂ ಇಲ್ಲ. ಒಂದು ಮಗ್ಗುಲಿಗೆ ಮೂಲವ್ಯಾಧಿ ವಾಸಿ ಮಾಡುವವರ ಚೀಟಿ, ಇನ್ನೊಂದು ಮಗ್ಗುಲಿಗೆ ಗಣಿತದ ಟ್ಯೂಶನ್ನಿನ ಚೀಟಿ. ಓಣಿಯಲ್ಲಿ ಹಾಲಿನವನ ಸೈಕಲ್ಲು ಇನ್ನೂ ಬಂದಿಲ್ಲ. ಪೀರಪ್ಪ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂಡುತ್ತಾರೆ, ಮೊಣಕಾಲು ಲಟಕ್ಕೆನ್ನುತ್ತದೆ, ಕೀಲಿಕೈ ತೆಗೆಯುವ ಮೊದಲು ಬಾಗಿಲನ್ನು ಬೆರಳ ಗಂಟಿನಿಂದ ಎರಡು ಸಲ ಬಡಿಯುತ್ತಾರೆ. ಒಳಗೆ ವಾಸವಾಗಿರುವ ಹಲ್ಲಿಗಳಿಗೆ, ಇರುವೆಗಳಿಗೆ, ಆಗೊಮ್ಮೆ ಈಗೊಮ್ಮೆ ಬಂದು ತಂಗುವ ಚೇಳಿಗೆ ಅದು ಸೂಚನೆ.

“ಮನಿ ಅವುಗಳದ್ದು. ನಡುವ ನಾವು ಬಂದು ತಂತಿ ಇಟ್ಟೀವಿ. ಕೇಳಿ ಒಳಗ ಹೋದ್ರ ಮರ್ಯಾದಿ ಅಲ್ಲೇನ್ರಿ?” ಎನ್ನುತ್ತಾರೆ.

ಟೆಲಿಫೋನಿನವರ ಭಾಷೆಯಲ್ಲಿ ಈ ಪೆಟ್ಟಿಗೆಗೆ ‘ಪಿಲ್ಲರ್’ ಎಂದು ಹೆಸರು. ನೆಲದೊಳಗಿಂದ ಬಂದ ದಪ್ಪ ಕೇಬಲ್ಲು ಇಲ್ಲಿ ಬಿಚ್ಚಿಕೊಂಡು, ಜೋಡಿ ಜೋಡಿ ತಂತಿಯಾಗಿ ಮನೆಮನೆಗೆ ಹೊರಡುತ್ತದೆ. ಪೀರಪ್ಪ ಸೊಂಟದಿಂದ ಟೆಸ್ಟ್ ಫೋನು ಬಿಚ್ಚಿ, ಅದರ ಎರಡು ಹಲ್ಲುಗಳನ್ನು ಒಂದೊಂದೇ ಜೋಡಿಗೆ ಕಚ್ಚಿಸಿ, ಕಿವಿಗೆ ಹಚ್ಚಿಕೊಂಡು ಓಣಿಯ ಮನೆಗಳನ್ನೆಲ್ಲ ಹೊರಗಿನಿಂದಲೇ ವಿಚಾರಿಸಿ ಬರುತ್ತಾರೆ. ಟೊಂಯ್ ಎಂದರೆ ಮನೆ ನೆಟ್ಟಗಿದೆ. ಚರಚರ ಎಂದರೆ ಎಲ್ಲೋ ನೀರು ಇಳಿದಿದೆ. ಸದ್ದೇ ಇಲ್ಲವೆಂದರೆ ಇಲಿ, ಇಲ್ಲವೇ ರಸ್ತೆ ಅಗೆಯುವವರು. ಇಬ್ಬರೂ ಹೇಳಿ ಬರುವುದಿಲ್ಲ.

ದಿನಕ್ಕೆ ಏಳೆಂಟು ಕಂಪ್ಲೇಂಟು. ಮಳೆಗಾಲದಲ್ಲಿ ಎಣಿಸುವುದನ್ನು ಅವರು ಬಿಡುತ್ತಾರೆ. ವಯಸ್ಸು ಐವತ್ತೇಳು. ಕೆಲಸದ ಹೆಸರು ಮೊದಲು ಲೈನ್‌ಮನ್ ಎಂದಿತ್ತು, ಈಗ ಕಾಗದದಲ್ಲಿ ಮೆಕ್ಯಾನಿಕ್ ಎಂದಾಗಿದೆ. “ಹೆಸರು ಬದಲಾತು. ನಿಚ್ಚಣಿಕಿ ಅದೇ ಅದ” ಎಂದು ಅವರು ಬೇವಿನ ಗಿಡದ ಕಡೆ ಕೈ ತೋರಿಸುತ್ತಾರೆ. ಬಿದಿರಿನ ಆ ಏಣಿಯನ್ನು ಗಿಡಕ್ಕೆ ಸರಪಳಿ ಹಾಕಿ ಕಟ್ಟಿದ್ದಾರೆ. ಕದಿಯುವವರ ಅಂಜಿಕೆಯಿಂದಲ್ಲ. ಮದುವೆ ಪೆಂಡಾಲಿನವರು ಒಯ್ದರೆ ತಿರುಗಿ ಕೊಡುವುದಿಲ್ಲ, ಅದಕ್ಕೆ.

ಪೀರಪ್ಪನವರ ಮನೆ ಇಲ್ಲಿಲ್ಲ, ಕಮಲಾಪುರದಲ್ಲಿದೆ. ಅಲ್ಲಿಂದ ಹೊರಡುವ ಮೊದಲ ಬಸ್ಸಿನಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳಿಗೆ ಸೀಟು, ಮನುಷ್ಯರಿಗೆ ಮೇಲಿನ ಕಂಬಿ. ಬೋರ್ಡಿನಲ್ಲಿ ಗುಲಬರ್ಗಾ ಎಂದೂ ಕಂಡಕ್ಟರನ ಬಾಯಲ್ಲಿ ಕಲಬುರ್ಗಿ ಎಂದೂ ಇರುವ ಆ ಬಸ್ಸಿನಲ್ಲಿ ಒಂದು ತಾಸು ನಿಂತು ಬಂದು, ಬಸ್‌ಸ್ಟ್ಯಾಂಡಿನ ಎದುರಿನ ಚಹಾದ ಹೋಟೆಲಿನಲ್ಲಿ ಬಿಟ್ಟ ಸೈಕಲ್ಲು ತೆಗೆದುಕೊಂಡು ಅವರು ಕುಸನೂರ ರಸ್ತೆ ಹಿಡಿಯುತ್ತಾರೆ. ನಿಂತು ಬಂದ ಒಂದು ತಾಸಿನ ಲೆಕ್ಕ ಮೊಣಕಾಲು ಇಟ್ಟುಕೊಂಡಿರುತ್ತದೆ.

ಎಂಬತ್ತರ ದಶಕದ ಮೊದಲಿಗೆ ಅವರು ಈ ಊರಿಗೆ ಬಂದದ್ದು ತಗ್ಗು ತೋಡಲು. ಕೋಟೆಯ ಕಡೆಯಿಂದ ಸ್ಟೇಶನ್ ಬಜಾರದವರೆಗೆ ಕೇಬಲ್ಲು ಹೂಳುವ ಕೂಲಿ. ಮೇಲೆ ಒಂದು ಮೊಳ ಮಣ್ಣು, ಕೆಳಗೆಲ್ಲ ಶಹಾಬಾದಿ ಕಲ್ಲು. “ಬಾದಶಹರು ಕೋಟಿ ಕಟ್ಟಿ ಉಳಿದ ಕಲ್ಲೆಲ್ಲಾ ನಮ್ಮ ಸಲುವಾಗಿ ನೆಲದಾಗ ಮುಚ್ಚಿಟ್ಟು ಹೋಗ್ಯಾರ” ಎನ್ನುವುದು ಆಗಿನ ಕೂಲಿಯವರ ಮಾತು. ಮುಂದೆ ಕೆಲಸ ಖಾಯಂ ಆಗಿ, ಕಮಲಾಪುರದ ಸಣ್ಣ ಎಕ್ಸ್‌ಚೇಂಜಿಗೆ ಹೋಗಿ, ಊರಿನ ಪ್ರತಿ ಫೋನಿನ ತಂತಿ ಎಳೆದರು. ತೊಂಬತ್ತರ ನಂತರ ಮತ್ತೆ ನಗರ. ಅಂದಿನಿಂದ ಈ ಪಿಲ್ಲರ್ ಅವರದು.

ಅವರ ಕೆಲಸಕ್ಕೆ ಎರಡು ಕುರುಹುಗಳಿವೆ. ಒಂದನ್ನು ಓಣಿಯಲ್ಲಿ ಕತ್ತೆತ್ತಿ ನಡೆದರೆ ಕಾಣಬಹುದು. ಯಾವ ಮನೆಗೆ ತಂತಿ ಎಳೆದರೂ ಮಾಳಿಗೆಯ ಅಂಚಿನ ಕೆಳಗೆ ಒಂದಿಷ್ಟು ಹೆಚ್ಚಿನ ತಂತಿಯನ್ನು ಸಿಂಬೆಯ ಹಾಗೆ ಸುತ್ತಿ, ಮೊಳೆಗೆ ತೂಗುಹಾಕಿ ಬರುತ್ತಾರೆ. ಮಾಲು ಹಾಳು ಮಾಡುತ್ತಾನೆಂದು ಹಿಂದಿನ ಸಾಹೇಬರೊಬ್ಬರು ಬೈದದ್ದುಂಟು. “ಮನಿ ಬೆಳೀತದ್ರಿ. ಇವತ್ತ ತಗಡಿನ ಪತ್ರಾ, ನಾಳಿ ಸ್ಲ್ಯಾಬು, ಆಚಿ ವರ್ಷ ಮ್ಯಾಲ ಒಂದು ಖೋಲಿ. ಮನಿ ಉದ್ದ ಆದಾಗ ತಂತಿ ಗಿಡ್ಡ ಆಗಬಾರದು” ಎಂದು ಪೀರಪ್ಪ ಅವರಿಗೆ ಹೇಳಲಿಲ್ಲ. ಸಾಹೇಬರು ವರ್ಗವಾಗಿ ಹೋದ ಮೇಲೆ ಉಳಿದವರಿಗೆ ಹೇಳಿದರು.

ಎರಡನೆಯ ಕುರುಹು ಹೊರಗಿನಿಂದ ಕಾಣುವುದಿಲ್ಲ. ಅದು ಅಡುಗೆಮನೆಗಳಲ್ಲಿದೆ.

ಅವರು ತಂತಿ ಎಳೆಯಲು ಶುರುಮಾಡಿದಾಗ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಾಲ. ಬಂದ ಫೋನನ್ನು ಪಡಸಾಲೆಯಲ್ಲಿ, ಕುಸುರಿಯ ವಸ್ತ್ರ ಹೊದಿಸಿ, ಗಂಡಸರ ಕೈಗೆಟಕುವಂತೆ ಇಡುತ್ತಿದ್ದರು. ಹೆಂಗಸರಿಗೆ ಕರೆ ಬಂದರೆ ಹಿಟ್ಟಿನ ಕೈ ತೊಳೆದು, ಸೆರಗು ಸರಿಮಾಡಿ, ಹೊರಗೆ ಕೂತ ಬೀಗರನ್ನು ದಾಟಿ ಬರುವಷ್ಟರಲ್ಲಿ ಕರೆ ಮುಗಿದಿರುತ್ತಿತ್ತು. ಇದನ್ನು ಕಂಡ ಪೀರಪ್ಪ, ಇಲಾಖೆಯ ಅಪ್ಪಣೆಯಿಲ್ಲದೆ, ಮಾಳಿಗೆಯ ಅಂಚಿನಲ್ಲಿ ತಂತಿಗೆ ಇನ್ನೊಂದು ತಂತಿ ಹೆಣೆದು, ಅಡುಗೆಮನೆಗೆ ಎರಡನೆಯ ಫೋನು ಕೊಡಲು ಶುರುಮಾಡಿದರು. ಇದಕ್ಕೆ ‘ಪ್ಯಾರಲಲ್’ ಎನ್ನುತ್ತಾರೆ. ಆಗ ಅದು ನಿಯಮಕ್ಕೆ ವಿರುದ್ಧ. ಗುಜರಿಯಿಂದ ಹುಡುಕಿ ತಂದ ಹಳೆಯ ಫೋನಿನ ಗಂಟೆ ಕಿತ್ತು, ಸದ್ದಿಲ್ಲದಂತೆ ಮಾಡಿ ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಅವರು ಕೇಳುತ್ತಿದ್ದದ್ದು ಒಂದು ಚಹಾ ಮತ್ತು ಒಂದು ಆಣೆ: ಇಲಾಖೆಯವರು ಯಾರೇ ಬರಲಿ, ಈ ಫೋನಿನ ಸುದ್ದಿ ಎತ್ತಬಾರದು. ಮನೆಯವರು ಬಿಸಿ ರೊಟ್ಟಿ ಮುಟ್ಟಿ ಆಣೆ ಮಾಡುತ್ತಿದ್ದರು. ಈ ನಾಡಿನಲ್ಲಿ ಜೋಳದ ರೊಟ್ಟಿ ಮುಟ್ಟಿ ಸುಳ್ಳು ಹೇಳುವವರು ಕಡಿಮೆ.

ಹೀಗೆ ಆಣೆ ಮಾಡಿದವರಲ್ಲಿ ಚಂದ್ರಶಾ ಒಬ್ಬರು, ಅವರ ತಾಯಿ ಬಂಡಮ್ಮ ಇನ್ನೊಬ್ಬರು. ಚಂದ್ರಶಾ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು, ವಿಶ್ವವಿದ್ಯಾಲಯದವರ ಪ್ರಬಂಧಗಳನ್ನು ಟೈಪು ಮಾಡಿಕೊಡುತ್ತಾರೆ. ಎಷ್ಟೋ ಜನ ಡಾಕ್ಟರೇಟು ಪಡೆದದ್ದು ಅವರ ಬೆರಳುಗಳಿಂದ. ಕಾಗದ ಹೊತ್ತೊಯ್ಯುವ ಕಾಲ ಹೋಗಿ ಇ-ಮೇಲಿನ ಕಾಲ ಬಂದಾಗ, ಫೋನಿನ ತಂತಿಗೇ ಕಂಪ್ಯೂಟರ್ ಜೋಡಿಸಿ, ಡಯಲ್ ಮಾಡಿ ಇಂಟರ್ನೆಟ್ ಹಿಡಿಯುವ ವ್ಯವಸ್ಥೆ ಅವರ ಮನೆಗೂ ಬಂತು. ಆ ಕಿರಗುಟ್ಟುವ ಸದ್ದನ್ನು ಮೊದಲ ಸಲ ಪಿಲ್ಲರಿನಲ್ಲಿ ಕೇಳಿದ ದಿನ ಪೀರಪ್ಪ ಸೈಕಲ್ಲು ಬಿಟ್ಟು ಓಡಿಬಂದಿದ್ದರಂತೆ. “ಲೈನು ಸಾಯಾಕತ್ತದ, ಕೊನಿ ಉಸಿರು ಎಳ್ಯಾಕತ್ತದ ಅಂತ ತಿಳ್ಕೊಂಡಿದ್ದೆ. ಬಂದು ನೋಡಿದ್ರ ಚಂದ್ರಶಾ ಸಾಹೇಬ್ರು ಆರಾಮ ಕುಂತು ಮಂಡಕ್ಕಿ ತಿನ್ನಾಕತ್ತಾರ.”

ಡಯಲ್ ಮಾಡುವ ಇಂಟರ್ನೆಟ್ಟಿನ ಸ್ವಭಾವ ಓಣಿಗೆಲ್ಲ ಗೊತ್ತಿತ್ತು. ನೆಟ್ ಇದ್ದರೆ ಫೋನಿಲ್ಲ, ಫೋನಿದ್ದರೆ ನೆಟ್ಟಿಲ್ಲ. ಕಮಲಾಪುರಕ್ಕೆ ಮದುವೆಯಾಗಿ ಹೋಗಿರುವ ತಂಗಿ ಮಲ್ಕಮ್ಮನ ಜೊತೆ ಬಂಡಮ್ಮ ದಿನಾ ರೊಟ್ಟಿ ಬಡಿದಾದ ಮೇಲೆ ಮಾತಾಡಬೇಕು. ಅಡುಗೆಮನೆಯ ಫೋನು ಎತ್ತಿದರೆ ಒಳಗೆ ಅರ್ಧ ಹೋದ ಫೈಲು ಕತ್ತರಿಸಿ ಬೀಳುತ್ತಿತ್ತು. “ಯವ್ವಾ, ಇಡು ಫೋನು!” ಎಂದು ಮಗ ಒಳಗಿನಿಂದ, “ನಿನ್ನ ಮಷಿನ್ ಕರ್ರ್ ಅಂತ ನನ್ನ ಕಿವಿ ಕಡೀತದ, ಮೊದಲ ನೀ ಇಡು!” ಎಂದು ತಾಯಿ ಅಲ್ಲಿಂದ. ಆರೇಳು ವರ್ಷ ಈ ಮನೆಯ ಬೆಳಗಾಗುತ್ತಿದ್ದದ್ದು ಹೀಗೆ.

ಕಳೆದ ವರ್ಷದಿಂದ ಬ್ರಾಡ್‌ಬ್ಯಾಂಡ್ ಎಂಬ ಮಾತು ಕೇಳಿಬಂತು. ಓಣಿಯ ಕಟ್ಟೆಗಳ ಮೇಲೆ ರಾಜಕೀಯಕ್ಕೆ ಬಿಡುವು ಸಿಕ್ಕಿತು. ಹಳೆಯ ಡಯಲಿನಲ್ಲೇ ತೆವಳಬೇಕೇ, ಫೋನಿನ ತಂತಿಯಲ್ಲೇ ಬರುವ ಹೊಸದನ್ನು ಹಾಕಿಸಬೇಕೇ, ಟಿವಿಯ ಕೇಬಲ್ಲಿನವರು ಕೊಡುತ್ತೇವೆನ್ನುವುದನ್ನು ನಂಬಬೇಕೇ? ಟಿವಿ ಕೇಬಲ್ಲಿನ ಬುರ್ಹಾನುದ್ದೀನ್ ಒಂದು ಕಾಲಕ್ಕೆ ಪೀರಪ್ಪನವರ ಜೊತೆ ತಗ್ಗು ತೋಡಿದವರು. ಇಂದಿಗೂ ‘ಉಸ್ತಾದ್’ ಎಂದೇ ಕರೆಯುತ್ತಾರೆ. ಅವರ ಕೇಬಲ್ಲು ಗಿಡದಿಂದ ಗಿಡಕ್ಕೆ, ಮಾಳಿಗೆಯಿಂದ ಮಾಳಿಗೆಗೆ ಹಾರಿಕೊಂಡು ಬರುತ್ತದೆ. ಫೋನಿನ ಬಾಡಿಗೆಯ ಗೊಡವೆ ಬೇಡ, ಮೊಬೈಲ್ ಇದ್ದೇ ಇದೆ, ಫೋನು ಇಲಾಖೆಗೆ ಒಪ್ಪಿಸಿಬಿಡಿ ಎನ್ನುವುದು ಅವರ ಸಲಹೆ.

ಯಾವುದು ಛಲೋ ಎಂದು ಎಲ್ಲರೂ ಕೇಳಿದ್ದು ಪೀರಪ್ಪನವರನ್ನು. ತಮ್ಮ ಇಲಾಖೆಯನ್ನೇ ಹೊಗಳಬೇಕಾದ ಮನುಷ್ಯ ಏಣಿಯ ಮೇಲೆ ನಿಂತು ಹೇಳಿದ್ದು ಓಣಿಯಲ್ಲಿ ಗಾದೆಯಾಗಿದೆ.

“ಅವನದು ಗಿಡದ ಮ್ಯಾಲ ಬರ್ತದ, ನಮ್ಮದು ನೆಲದಾಗ ಬರ್ತದ. ಗಿಡದ ಮ್ಯಾಲ ಮಂಗ್ಯಾ ಇರ್ತಾವ, ನೆಲದಾಗ ಇಲಿ ಇರ್ತಾವ. ಮಂಗ್ಯಾ ಬೇಕೋ ಇಲಿ ಬೇಕೋ ನೀವೇ ನೋಡ್ಕೊರಿ.”

ಒಂದು ಮನೆಗೆ ಮಾತ್ರ ಅವರು ಇದಕ್ಕಿಂತ ಹೆಚ್ಚು ಹೇಳಿದರು. ಬಂಡಮ್ಮನಿಗೆ ಮೊಬೈಲು ಒಗ್ಗುವುದಿಲ್ಲ. “ಕಡ್ಡಿಪೆಟ್ಟಿಗಿ ಕಿವಿಗೆ ಹಿಡದಂಗ ಆಗ್ತದ. ಅತ್ತಾಗ ಯಾರೋ ಸಣ್ಣ ಧ್ವನಿಲೆ ಅಳಾಕತ್ತಾರ ಅನಸ್ತದ” ಎನ್ನುತ್ತಾರೆ. ಎಂಬತ್ತು ದಾಟಿದ ಕಿವಿಗೆ ಹಳೆಯ ಫೋನಿನ ದಪ್ಪ ಹಿಡಿಯೇ ಸರಿ. ಫೋನು ಹೋದರೆ ತಂಗಿಯ ಮಾತು ಹೋದಂತೆ. ಪೀರಪ್ಪ ಆಕೆಗೆ ಮಾತು ಕೊಟ್ಟರು: “ಯವ್ವಾ, ಹೊಸದರಾಗ ಎರಡೂ ಕೂಡೇ ನಡೀತಾವ. ನೀ ಮಾತಾಡ್ಕೋತ ಇರು, ಮಗ ನೆಟ್ ಮಾಡ್ಕೋತ ಇರ್ಲಿ.”

ಆ ಮಾತಿನ ಮೇಲೆ ಚಂದ್ರಶಾ ಫೋನಿನ ತಂತಿಯ ಬ್ರಾಡ್‌ಬ್ಯಾಂಡನ್ನೇ ಆರಿಸಿದರು. ಅವರ ಆಯ್ಕೆಗೆ ಓಣಿಯಲ್ಲಿ ತೂಕವಿದೆ. ಕಂಪ್ಯೂಟರ್ ಬಲ್ಲವರು ಅವರೊಬ್ಬರೇ ಎಂದು ಉಳಿದವರು ನಂಬಿದ್ದಾರೆ, ಅವರು ಹಾಕಿಸಿದ್ದನ್ನೇ ತಾವೂ ಹಾಕಿಸಲು ಕಾಯುತ್ತಿದ್ದರು. ಪೀರಪ್ಪನವರಿಗೂ ಇದು ಸಣ್ಣ ಮಾತಾಗಿರಲಿಲ್ಲ. ಈ ಪಿಲ್ಲರಿನಿಂದ ಇನ್ನಷ್ಟು ಫೋನು ಕಡಿಮೆಯಾದರೆ ಈ ಭಾಗವನ್ನು ಪಕ್ಕದ ಭಾಗಕ್ಕೆ ಸೇರಿಸಿ, ಅವರನ್ನು ಆಳಂದದ ಕಡೆ ಹಾಕುವ ಮಾತು ಆಫೀಸಿನಲ್ಲಿ ನಡೆದಿತ್ತು. ಕಮಲಾಪುರ ಒಂದು ದಿಕ್ಕಿಗೆ, ಆಳಂದ ಇನ್ನೊಂದು ದಿಕ್ಕಿಗೆ. ನಿವೃತ್ತಿಗೆ ಮೂರು ವರ್ಷವೂ ಇಲ್ಲದ ಮನುಷ್ಯ, ಆ ಮೊಣಕಾಲಿನ ಮೇಲೆ, ದಿನಾ ಎರಡು ಬಸ್ಸು ಬದಲಿಸಿ ನಿಲ್ಲಬೇಕು. “ಆಳಂದಕ್ಕ ಹಾಕಿದ್ರ ನೌಕರಿ ಬಿಡು. ಮಗ-ಸೊಸಿ ಹಾಕಿದ ರೊಟ್ಟಿ ತಿಂದ್ರೂ ಅಡ್ಡಿಯಿಲ್ಲ, ನನಗ ಗಂಡನ ಕಾಲು ಬೇಕು” ಎಂದು ಅವರ ಹೆಂಡತಿ ದುಂಡಮ್ಮ ಸ್ಪಷ್ಟವಾಗಿಯೇ ಹೇಳಿದ್ದಾರೆ. ಬಿಟ್ಟರೆ ಪೂರ್ತಿ ಪಿಂಚಣಿ ಇಲ್ಲ ಎನ್ನುವುದನ್ನು ಪೀರಪ್ಪ ಅವರಿಗಿನ್ನೂ ಹೇಳಿಲ್ಲ.

ಹೊಸ ಸಂಪರ್ಕ ಕೊಡುವ ದಿನ ಪೀರಪ್ಪ ಅಲ್ಲಿರಲಿಲ್ಲ. ರಸ್ತೆ ಅಗಲ ಮಾಡುವ ಯಂತ್ರವೊಂದು ರಿಂಗ್ ರೋಡಿನ ಹತ್ತಿರ ದಪ್ಪ ಕೇಬಲ್ಲನ್ನು ಹರಿದುಹಾಕಿತ್ತು. ಹತ್ತು ಹನ್ನೆರಡು ದಿನ ಅವರು ಕೆಸರಿನ ತಗ್ಗಿನಲ್ಲಿ ಕೂತು, ನೂರಾರು ಜೋಡಿ ಎಳೆಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದರು. ಇತ್ತ ಗುತ್ತಿಗೆಯವರು ಬಂದು ಚಂದ್ರಶಾ ಅವರ ಕಂಪ್ಯೂಟರ್ ಖೋಲಿಯಲ್ಲಿ ಮೋಡೆಮ್ ಇಟ್ಟು, ಪಡಸಾಲೆಯ ಫೋನಿಗೆ ‘ಸ್ಪ್ಲಿಟರ್’ ಎಂಬ ಸಣ್ಣ ಡಬ್ಬಿ ಹಚ್ಚಿ ಹೋದರು. ಮಾತು ಮತ್ತು ಇಂಟರ್ನೆಟ್ಟನ್ನು ಬೇರೆ ಬೇರೆ ದಾರಿಗೆ ಹಚ್ಚುವುದು ಆ ಡಬ್ಬಿಯ ಕೆಲಸ. ಅದನ್ನು ದಾಟದೆ ನೇರ ತಂತಿಗೆ ಯಾವ ಫೋನನ್ನು ಹಚ್ಚಿದರೂ, ಅದನ್ನು ಎತ್ತಿದ ಕೂಡಲೇ ನೆಟ್ ಬೀಳುತ್ತದೆ.

ನೆಟ್ ಬಿತ್ತು. ಮರುದಿನವೂ ಬಿತ್ತು. ದಿನಾ ಬೆಳಗ್ಗೆ, ರೊಟ್ಟಿ ಬಡಿದಾದ ಮೇಲೆ.

ಎಂಜಿನಿಯರ್ ಲತೀಫಾ ಮೇಡಂ ಎರಡು ಸಲ ಬಂದುಹೋದರು. ಕೋಟೆಯ ಮಗ್ಗುಲಿನ ಮೊಹಲ್ಲಾದವರು, ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದವರು, ಕಂಪ್ಲೇಂಟನ್ನು ಕಾಗದದ ಮೇಲೆ ಮುಗಿಸುವುದನ್ನು ಇನ್ನೂ ಕಲಿತಿಲ್ಲ. ಮೋಡೆಮ್ ಬದಲಿಸಿದರು, ಪಿಲ್ಲರಿನಲ್ಲಿ ಅಳೆದರು, ಪಡಸಾಲೆಯ ಫೋನನ್ನು ಎತ್ತಿ ಇಟ್ಟು ಮಾಡಿದರು. ಎಲ್ಲ ಸರಿ ಇತ್ತು. ಕೊನೆಗೆ, “ಮನ್ಯಾಗ ಮತ್ತೊಂದು ಫೋನು ಏನರೆ ಅದೇನ್ರಿ?” ಎಂದು ಕೇಳಿದರು. ಚಂದ್ರಶಾ ಇಲ್ಲವೆಂದರು. ಅಡುಗೆಮನೆಗೆ ಇಣುಕಿದಾಗ ಬಂಡಮ್ಮ ಒಲೆಯ ಮುಂದಿದ್ದರು. ಪಕ್ಕದ ಕಟ್ಟೆಯ ಮೇಲೆ ರೊಟ್ಟಿ ಬುಟ್ಟಿ ಬೋರಲು ಕವುಚಿತ್ತು. “ಬಾ ನನ್ನವ್ವ, ಉಣ್ಣು” ಎಂದು ಹುಡುಗಿಗೆ ತಟ್ಟೆಯಿಂದ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಬುಟ್ಟಿಯನ್ನು ಯಾರೂ ಮುಟ್ಟಲಿಲ್ಲ.

ಅಡುಗೆಮನೆಯ ಫೋನಿಗೂ ನೆಟ್ ಬೀಳುವುದಕ್ಕೂ ಸಂಬಂಧವಿರಬಹುದು ಎಂಬ ಅನುಮಾನ ಚಂದ್ರಶಾ ಅವರಿಗೆ ಇರಲಿಲ್ಲವೆಂದಲ್ಲ. ಆದರೆ ಬಾಯಿಬಿಟ್ಟರೆ ಪೀರಪ್ಪನವರ ನೌಕರಿಗೆ ಕುತ್ತು ಎಂದು ಅವರ ಲೆಕ್ಕ. ಮನುಷ್ಯನನ್ನು ಹಿಡಿದುಕೊಡುವುದಕ್ಕಿಂತ ಇಲಾಖೆಯನ್ನು ಬೈಯುವುದು ಸುಲಭ, ರೂಢಿಯೂ ಇದೆ. ಹಾಗಾಗಿ ಬೈದರು. ಫೋನು ಒಪ್ಪಿಸುವ ಅರ್ಜಿ ಬರೆದರು, ಭಾನುವಾರ ಬಂದು ಕೇಬಲ್ಲು ಎಳೆಯುವಂತೆ ಬುರ್ಹಾನುದ್ದೀನರಿಗೆ ಹೇಳಿದರು. ಈ ತಂತಿಗಳು ಹೊಸದಕ್ಕೆ ತಾಳುವುದಿಲ್ಲವೆಂದು ಲತೀಫಾ ಮೇಡಂ ಬೇಸರದಿಂದ ಬರೆದುಕೊಂಡರು. ಪೀರಪ್ಪನವರನ್ನು ಉಳಿಸಲು ಇಡೀ ಮನೆ ಸೇರಿ ಅವರನ್ನು ಆಳಂದದ ಬಸ್ಸಿಗೆ ಹತ್ತಿಸುವ ತಯಾರಿ ನಡೆಸಿತ್ತು.

ಭಾನುವಾರ ಬೆಳಗ್ಗೆ ಪೀರಪ್ಪ ಆ ಮನೆಯ ಮುಂದೆ ಸೈಕಲ್ಲು ಇಳಿಯುತ್ತಾರೆ. ಪ್ಯಾಂಟಿಗೆ ರಿಂಗ್ ರೋಡಿನ ಕೆಸರು ಇನ್ನೂ ಅಂಟಿದೆ. ಕತ್ತೆತ್ತಿ ಮಾಳಿಗೆಯ ಅಂಚು ನೋಡುತ್ತಾರೆ, ತಾವೇ ಹೆಣೆದ ಎರಡನೆಯ ತಂತಿ ನೋಡುತ್ತಾರೆ.

“ಸಾಹೇಬ್ರ, ಮೇಡಂಗ ಅಡಿಗಿಮನಿ ಫೋನು ತೋರ್ಸಿಲ್ಲೇನ್ರಿ?”

“ಹ್ಯಾಂಗ ತೋರ್ಸೂದೋ ಪೀರಪ್ಪಣ್ಣ? ರೊಟ್ಟಿ ಮುಟ್ಟಿಸಿ ಆಣಿ ತಗೊಂಡಾವ ನೀನೇ!”

“ನಾ?”

“ಮತ್ತ ನನಗ ಹೆಣ್ಣು ಕೊಟ್ಟ ಮಾವ ಏನು?”

ಪೀರಪ್ಪ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಆ ಫೋನುಗಳ ಅಂಜಿಕೆ ಅವರಿಗೆ ಇನ್ನೂ ಇತ್ತು, ಆಣೆ ಮಾತ್ರ ಮರೆತೇ ಹೋಗಿತ್ತು. ಒಳಗಿನಿಂದ ಬಂಡಮ್ಮ ನೀರು ತಂದು ಕೊಡುತ್ತ, “ನಾ ಆಣಿ ಮುರದಿಲ್ಲ ಮತ್ತ. ಆ ಹುಡುಗಿ ಬಂದಾಗೆಲ್ಲಾ ಬುಟ್ಟಿ ಮುಚ್ಚೀನಿ” ಎನ್ನುತ್ತಾರೆ. ಹೊಗಳಿಕೆ ಕೇಳುವ ಧ್ವನಿ ಅದು. ಪೀರಪ್ಪ, “ಭಾಳ ಛಲೋ ಮಾಡಿದಿ ಯವ್ವಾ” ಎಂದು ನೀರು ಕುಡಿಯುತ್ತಾರೆ.

ಸದ್ದಿಲ್ಲದೆ ತಾವೇ ಸರಿಮಾಡಿ ಹೋಗಬಹುದಿತ್ತು. ಆದರೆ ಮೇಡಂ ತಂತಿಯೇ ಸರಿಯಿಲ್ಲವೆಂದು ಬರೆದುಕೊಂಡಾಗಿದೆ. ಆ ಮಾತು ನಿಂತರೆ ಓಣಿಯ ಉಳಿದ ಮನೆಗಳಿಗೆ ಹೊಸ ಸಂಪರ್ಕವಿಲ್ಲ. ಬಾಯಿಬಿಟ್ಟರೆ ನಿಯಮ ಮುರಿದವರು ತಾವೇ ಎಂದಾಗುತ್ತದೆ. ಪೀರಪ್ಪ ಸ್ವಲ್ಪ ಹೊತ್ತು ಮೊಣಕಾಲು ತಿಕ್ಕಿಕೊಳ್ಳುತ್ತಾರೆ. ಆಮೇಲೆ ಪಡಸಾಲೆಯ ಫೋನಿನಿಂದ ಲತೀಫಾ ಮೇಡಂ ಮನೆಗೆ ಕರೆ ಮಾಡುತ್ತಾರೆ. ಭಾನುವಾರವೆನ್ನದೆ ಅವರು ಸ್ಕೂಟಿ ಹತ್ತಿ ಬರುತ್ತಾರೆ. ಅವರನ್ನು ಅಡುಗೆಮನೆಗೆ ಕರೆದೊಯ್ದು, ಬಂಡಮ್ಮನ ಕಡೆ ನೋಡಿ, ಪೀರಪ್ಪ ತಾವೇ ಬುಟ್ಟಿ ಎತ್ತುತ್ತಾರೆ. ಕೆಳಗೆ ಕಪ್ಪು ಫೋನು, ಅದರ ಮೇಲೆಲ್ಲ ಹಿಟ್ಟಿನ ಬೆರಳಚ್ಚು.

“ನಾನೇ ಹಚ್ಚೀನ್ರಿ ಮೇಡಂ. ಪರ್ಮಿಷನ್ ಇಲ್ಲದ. ಇದೊಂದೇ ಅಲ್ಲ, ಇನ್ನೂ ಅವ. ಬರಕೊಳ್ಳೂದಿದ್ರ ಬರಕೊರಿ.”

ಲತೀಫಾ ಮೇಡಂ ಫೋನು ನೋಡುತ್ತಾರೆ, ಬುಟ್ಟಿ ನೋಡುತ್ತಾರೆ, ಎರಡು ಸಲ ಬಂದು ತಿಂದ ರೊಟ್ಟಿಗಳನ್ನು ನೆನೆಸಿಕೊಳ್ಳುತ್ತಾರೆ. ಗೋಡೆಗೆ ಒರಗಿ ನಗುವುದು ತುಸು ಹೊತ್ತು ನಡೆಯುತ್ತದೆ.

“ಪೀರಪ್ಪ ಕಾಕಾ, ಪ್ಯಾರಲಲ್ ಈಗ ಗುನ್ನಾ ಅಲ್ರಿ. ಆ ಕಾಯ್ದೆ ಹೋಗಿ ಎಷ್ಟೋ ವರ್ಷ ಆತು. ಈಗ ಬಜಾರದಾಗ ಡಬ್ಬಿ ಸಮೇತ ಸಿಗ್ತದ.”

ಪೀರಪ್ಪನವರ ಮುಖದಲ್ಲಿ ಸಮಾಧಾನ ಬರಬೇಕಾದ ಜಾಗಕ್ಕೆ ಮೊದಲು ಬಂದದ್ದು ಬೇಸರ. “ಹಂಗಾರ ಇಷ್ಟು ವರ್ಷ ಅಂಜಿದ್ದು ದಂಡ ಆತಲ್ರಿ” ಎನ್ನುತ್ತಾರೆ. ಪ್ರತಿ ತಪಾಸಣೆಗೆ ಬಾಯಿ ಒಣಗಿದ್ದು, ಪ್ರತಿ ಹೊಸ ಸಾಹೇಬರು ಬಂದಾಗ ನಿದ್ದೆ ಕೆಟ್ಟದ್ದು, ಎಲ್ಲ ವ್ಯರ್ಥ. ನಿಯಮ ಹೋದದ್ದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಕೇಳುವುದೆಂದರೆ ಒಪ್ಪಿಕೊಂಡಂತೆ.

ಕೆಲಸ ದೊಡ್ಡದಲ್ಲ. ಸ್ಪ್ಲಿಟರ್ ಡಬ್ಬಿಯನ್ನು ಪಡಸಾಲೆಯಿಂದ ತೆಗೆದು, ತಂತಿ ಮನೆ ಹೊಗುವ ಜಾಗಕ್ಕೆ, ಮಾಳಿಗೆಯ ಅಂಚಿಗೆ ಒಯ್ಯಬೇಕು. ಎರಡೂ ಫೋನುಗಳು ಅದನ್ನು ದಾಟಿಯೇ ಹೋಗಬೇಕು. ಅಲ್ಲಿಂದ ಕಂಪ್ಯೂಟರಿಗೆ ಮಾತ್ರ ಪ್ರತ್ಯೇಕ ತಂತಿ. ಭಾನುವಾರ ಸ್ಟೋರು ಮುಚ್ಚಿದೆ, ಹೊಸ ತಂತಿ ಸಿಗುವುದಿಲ್ಲ. ಪೀರಪ್ಪ ಏಣಿ ತಂದು ಹತ್ತಿ, ಮೊಳೆಗೆ ತೂಗುಬಿದ್ದಿದ್ದ ಹಳೆಯ ಸಿಂಬೆಯನ್ನು ಇಳಿಸುತ್ತಾರೆ. ಮೇಲೆ ಜೇಡರ ಬಲೆ, ಒಳಗೆ ಗುಬ್ಬಿ ಬಿಟ್ಟುಹೋದ ಗೂಡು. ಗೂಡನ್ನು ಜೋಪಾನವಾಗಿ ಕಿಟಕಿಯ ಮೇಲೆ ಇಟ್ಟು ತಂತಿ ಬಿಚ್ಚುತ್ತಾರೆ.

ಅಷ್ಟರಲ್ಲಿ ಹೆಗಲಿಗೆ ಕಪ್ಪು ಕೇಬಲ್ಲಿನ ಸುರುಳಿ ಹಾಕಿಕೊಂಡು ಬುರ್ಹಾನುದ್ದೀನ್ ಬರುತ್ತಾರೆ. ಕೆಳಗೆ ನಿಂತು ಮೇಲೆ ನೋಡುತ್ತಾರೆ.

“ಕ್ಯಾ ಉಸ್ತಾದ್, ನನ್ನ ಗಿರಾಕಿನ ನಿಚ್ಚಣಿಕಿ ಹಾಕಿ ಕದಿಯಾಕತ್ತೀರಿ?”

“ನಿನಗ ಗಿರಾಕಿ ಕಮ್ಮಿ ಏನಪಾ? ಮಂಗ್ಯಾಗೋಳಿಗೆ ಕನೆಕ್ಷನ್ ಕೊಡು. ದಿನಾ ನಿನ್ನ ವೈರಿನ ಮ್ಯಾಲೇ ಇರ್ತಾವ.”

“ಹಹ್! ನಿಮ್ಮ ಇಲಿಗೋಳು ಸುದ್ದಾ ಈಗ ನನ್ನ ಕಡೆ ಬರಾಕತ್ತಾವ ಉಸ್ತಾದ್. ತಾಂಬ್ರ ತಿಂದು ತಿಂದು ಬ್ಯಾಸರ ಬಂದದಂತ.”

ಏಣಿ ಸ್ವಲ್ಪ ಅಲುಗುತ್ತದೆ. ಬುರ್ಹಾನುದ್ದೀನ್ ಕೇಬಲ್ಲನ್ನು ನೆಲಕ್ಕೆ ಹಾಕಿ, ಎರಡೂ ಕೈಯಿಂದ ಏಣಿ ಹಿಡಿದುಕೊಳ್ಳುತ್ತಾರೆ. “ಕಾಲು ನೋಡ್ಕೊಂಡು. ಆ ಎಡಗಾಲು ಮೊದಲ ಇಡಬ್ಯಾಡ್ರಿ” ಎನ್ನುತ್ತಾರೆ. ಕೆಲಸ ಮುಗಿಯುವವರೆಗೂ ಕೈ ಬಿಡುವುದಿಲ್ಲ. ಇಳಿಸಿದ ಸಿಂಬೆಯ ತಂತಿ ಕಂಪ್ಯೂಟರ್ ಖೋಲಿಯವರೆಗೆ ಹೋಗಿ, ಒಂದಿಷ್ಟು ಮಿಗುತ್ತದೆ. ಮಿಕ್ಕದ್ದನ್ನು ಪೀರಪ್ಪ ಮತ್ತೆ ಸುತ್ತಿ ಅದೇ ಮೊಳೆಗೆ ಹಾಕುತ್ತಾರೆ.

ಈಗ ಪರೀಕ್ಷೆ. ಮೋಡೆಮ್ಮಿನ ಹಸಿರು ದೀಪದ ಮುಂದೆ ಚಂದ್ರಶಾ, ಲತೀಫಾ ಮೇಡಂ ಕೂತಿದ್ದಾರೆ. ಬುರ್ಹಾನುದ್ದೀನ್ ಬಾಗಿಲಲ್ಲಿ ‘ನನಗೇನೂ ಸಂಬಂಧವಿಲ್ಲ’ ಎಂಬ ಮುಖದಿಂದ ಇಣುಕುತ್ತಿದ್ದಾರೆ. ಪೀರಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, “ಹಚ್ಚು ಯವ್ವಾ” ಎನ್ನುತ್ತಾರೆ. ಬಂಡಮ್ಮ ಬುಟ್ಟಿಯಿಲ್ಲದ ಫೋನನ್ನು ಎತ್ತಿ ಕಮಲಾಪುರಕ್ಕೆ ತಂಗಿಗೆ ಹಚ್ಚುತ್ತಾರೆ.

“ಮಲ್ಕಿ, ಕೇಳಾಕತ್ತದೇನ? ಇವತ್ತ ಎಲ್ಲಾರೂ ನನ್ನ ಬಾಯಿ ನೋಡ್ಕೋತ ನಿಂತಾರ. ಮಾತಾಡು ಅಂತಾರ. ದಿನಾ ಇಡು ಇಡು ಅನ್ನಾವ ಇವತ್ತ ಮಾತಾಡು ಅಂತಾನ. ಏನು ಮಾತಾಡ್ಲಿ? ಮಾತೇ ಬರವಲ್ದು ನೋಡು… ಅಲ್ಲೇ, ನಿನ್ನ ಸೊಸಿ ತವರಿಂದ ಬಂದಳೇನ?”

ದೀಪ ಉರಿಯುತ್ತಲೇ ಇದೆ. ಸೊಸೆಯ ವಿಷಯ ಬಂದ ಮೇಲೆ ಮಾತಿಗೆ ಬರವಿಲ್ಲ. ಒಂದು ದೊಡ್ಡ ಫೈಲು ಪೂರ್ತಿ ಹೋಗುತ್ತದೆ, ಚಂದ್ರಶಾ ಕುರ್ಚಿಗೆ ಒರಗುತ್ತಾರೆ, ಬಂಡಮ್ಮ ಇನ್ನೂ ಆ ಸೊಸೆಯ ತವರಿನಲ್ಲೇ ಇದ್ದಾರೆ. ಫೋನು ಒಪ್ಪಿಸುವ ಅರ್ಜಿಯನ್ನು ಚಂದ್ರಶಾ ಹರಿದು ಕಿಸೆಗೆ ಹಾಕಿಕೊಳ್ಳುತ್ತಾರೆ. ಬುರ್ಹಾನುದ್ದೀನ್ ತಮ್ಮ ಸುರುಳಿ ಎತ್ತಿಕೊಂಡು, “ಟಿವಿ ಅರೆ ನನ್ನ ಕಡೇ ಇರ್ಲಿ ಸಾಬ್” ಎಂದು ಚಹಾ ಕುಡಿದು ಹೋಗುತ್ತಾರೆ. ತಂತಿ ಸರಿಯಿಲ್ಲವೆಂದು ಬರೆದದ್ದನ್ನು ಲತೀಫಾ ಮೇಡಂ ಅಲ್ಲಿಯೇ ಹೊಡೆದುಹಾಕುತ್ತಾರೆ.

ಆ ವಾರವೇ ಓಣಿಯ ನಾಲ್ಕಾರು ಮನೆಗಳು ಇದನ್ನೇ ಆರಿಸಿದವು. ಕೆಲವರು ಬುರ್ಹಾನುದ್ದೀನರ ಕಡೆ ಹೋದರು. ಆಳಂದದ ಮಾತು ಆಫೀಸಿನಲ್ಲಿ ಸದ್ಯಕ್ಕೆ ಕೇಳಿಬರುತ್ತಿಲ್ಲ. ಇಲಾಖೆಯ ವರ್ಷ ಮುಗಿಯುವ ಮಾರ್ಚ್ ಕಳೆಯಲಿ ಎನ್ನುತ್ತಾರೆ ಪೀರಪ್ಪ. ಈಗ ಅವರ ಬೆಳಗಿನ ಕೆಲಸಕ್ಕೆ ಹೊಸದೊಂದು ಸೇರಿದೆ. ಹೊಸ ಸಂಪರ್ಕ ಬೇಕೆಂದ ಪ್ರತಿ ಮನೆಗೆ ಹೋಗಿ, ಆಣೆ ಬಿಡಿಸಿ, ಅಡುಗೆಮನೆಯಲ್ಲಿ ಮುಚ್ಚಿಟ್ಟದ್ದನ್ನು ಹೊರಗೆ ತೆಗೆಸುವುದು. ಒಂದು ಮನೆಯಲ್ಲಿ ಅದು ಜೋಳದ ಡಬ್ಬಿಯ ಹಿಂದಿತ್ತು, ಇನ್ನೊಂದರಲ್ಲಿ ದೇವರ ಮಾಡದಲ್ಲಿ. “ಹಚ್ಚುವಾಗ ಇಷ್ಟು ಹಚ್ಚೀನಿ ಅಂತ ಗೊತ್ತಿರಲಿಲ್ರಿ. ಬಿಚ್ಚುವಾಗ ಗೊತ್ತಾಗಾಕತ್ತದ” ಎಂದು ಅವರು ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ. ನಿಮ್ಮ ಮನೆಗೆ ಇಂಟರ್ನೆಟ್ ಬೇಡವೇ ಎಂದರೆ, ಬಸ್ಸಿನಲ್ಲಿ ಒಂದು ಸೀಟು ಸಿಕ್ಕರೆ ಸಾಕು ಎನ್ನುತ್ತಾರೆ.

ಸಂಜೆಗೆ ಏಣಿಯನ್ನು ಬೇವಿಗೆ ಕಟ್ಟಿ, ಪಿಲ್ಲರಿನ ಬಾಗಿಲು ಹಾಕುವ ಮೊದಲು ಅವರು ಟೆಸ್ಟ್ ಫೋನನ್ನು ಒಂದು ಜೋಡಿಗೆ ಕಚ್ಚಿಸಿ, ಕ್ಷಣಮಾತ್ರ ಕಿವಿಗೆ ಹಿಡಿದು, ತೆಗೆದುಬಿಡುತ್ತಾರೆ. ಬಂಡಮ್ಮ ಈಗ ಸಂಜೆಗೂ ಮಾತಾಡುತ್ತಿದ್ದಾರೆ. ಕಮಲಾಪುರದ ಮಲ್ಕಮ್ಮನ ಮನೆಗೆ ತಂತಿ ಎಳೆದವರೂ ಪೀರಪ್ಪನವರೇ, ಅಲ್ಲಿಯ ಅಡುಗೆಮನೆಗೆ ಫೋನು ಕೊಟ್ಟವರೂ ಅವರೇ.

“ಈ ತುದಿನೂ ನಾನೇ ಹಚ್ಚೀನಿ, ಆ ತುದಿನೂ ನಾನೇ ಹಚ್ಚೀನಿ” ಎನ್ನುತ್ತ ಅವರು ಕೀಲಿ ತಿರುವುತ್ತಾರೆ. “ನಡುವಿಂದು ಅಷ್ಟೇ ನೋಡ್ರಿ, ಸರ್ಕಾರದ್ದು.”